ಓದುಗರ ಪ್ರಶ್ನೆಗೆ ಉತ್ತರ: ಯುದ್ಧಕಾಲದ ಪೋಲಿಷ್ ನೋಟುಗಳು

ಪ್ರಶ್ನೆ: ಕೊಲ್ಹಾಪುರದ ಹಳೆಯ ನಾಣ್ಯಗಳ ವ್ಯಾಪಾರಿಯೊಬ್ಬರಲ್ಲಿ 1940ರ ಮಾರ್ಚ್ 1ರ ದಿನಾಂಕವುಳ್ಳ 10 ಝ್ಲೋಟಿಯ ಪೋಲಿಷ್ ನೋಟೊಂದನ್ನು ನೋಡಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಊರಿನ ಹತ್ತಿರದ ವಳಿವಡೆಯ ಶಿಬಿರದಲ್ಲಿದ್ದ ಪೋಲಿಷ್ ನಿರಾಶ್ರಿತರು ತಂದದ್ದೆಂದು ಹೇಳಿ ದುಬಾರಿ ಬೆಲೆ ಕೇಳುತ್ತಿದ್ದಾರೆ. ನಂಬಬಹುದೆ?
– ಬೆಳಗಾವಿಯ ಓದುಗರು

ಉತ್ತರ: ನೋಟು ಅಸಲಿಯೇ ಇರಬಹುದು, ಆದರೆ ಅದಕ್ಕೆ ಅಂಟಿಸಿರುವ ಕಥೆ ನಿಲ್ಲುವುದು ಕಷ್ಟ. 1939ರ ಸೆಪ್ಟೆಂಬರ್‌ನಲ್ಲಿ ಪೋಲೆಂಡಿನ ಪಶ್ಚಿಮ ಭಾಗ ಜರ್ಮನಿಯ ಕೈಗೂ ಪೂರ್ವ ಭಾಗ ಸೋವಿಯತ್ ಒಕ್ಕೂಟದ ಕೈಗೂ ಹೋಯಿತು. ನೀವು ನೋಡಿದ ನೋಟನ್ನು ಹೊರಡಿಸಿದ್ದು ಜರ್ಮನರ ಆಡಳಿತದಲ್ಲಿದ್ದ ವಾರ್ಸಾ, ಕ್ರಾಕೋವ್, ಲೂಬ್ಲಿನ್ ಪ್ರದೇಶಗಳ ಚಲಾವಣೆಗಾಗಿ. ವಳಿವಡೆಯ ಶಿಬಿರಕ್ಕೆ 1943ರಿಂದ ಬಂದು ನೆಲೆಸಿದ ಸುಮಾರು 5,000 ಮಂದಿಯಾದರೋ, ಬಹುಪಾಲು ಪೂರ್ವ ಪೋಲೆಂಡಿನವರು. ಅವರನ್ನು ಸೋವಿಯತ್ ಅಧಿಕಾರಿಗಳು 1940–41ರಲ್ಲಿ ಸೈಬೀರಿಯಾ, ಕಝಾಕಸ್ತಾನಗಳಿಗೆ ಗಡೀಪಾರು ಮಾಡಿದ್ದರು; ಬಿಡುಗಡೆಯ ಬಳಿಕ ಅವರು ಇರಾನಿನ ಮಾರ್ಗವಾಗಿ ಭಾರತ ತಲುಪಿದರು. ಸೋವಿಯತ್ ಭಾಗದಲ್ಲಿ 1939ರ ಡಿಸೆಂಬರ್ 21ರಂದೇ ಝ್ಲೋಟಿಯ ಚಲಾವಣೆ ರದ್ದಾಗಿತ್ತು. ಹೀಗಿರುವಾಗ ಜರ್ಮನ್ ಭಾಗದ ಹೊಸ ನೋಟು ಅವರ ಗಂಟಿನಲ್ಲಿ ಸೇರುವುದೆಂತು? ಅದರಲ್ಲಿ ಏನಾದರೂ ಉಳಿದು ಬಂದಿದ್ದರೆ ಯುದ್ಧಪೂರ್ವದ ಕೇಂದ್ರ ಬ್ಯಾಂಕಾದ ಬ್ಯಾಂಕ್ ಪೋಲ್ಸ್ಕಿಯ ನೋಟು ಬಂದಿರಬೇಕು, ಉದಾಹರಣೆಗೆ ಹತ್ತೊಂಬತ್ತನೆಯ ಶತಮಾನದ ದಂಗೆಯ ವೀರವನಿತೆ ಎಮಿಲಿಯಾ ಪ್ಲಾಟೆರ್ ಅವರ ಚಿತ್ರವಿರುವ 1936ರ 20 ಝ್ಲೋಟಿ. ಯುದ್ಧ ಮುಗಿದ ಮೇಲೆ ಬಂಧುಗಳು ಅಂಚೆಯಲ್ಲಿ ಕಳುಹಿಸಿದರೆಂದು ವ್ಯಾಪಾರಿ ವಾದಿಸಬಹುದು. ಹಾಗಿದ್ದರೆ ಆ ಲಕೋಟೆಯನ್ನು ತೋರಿಸಲಿ.

ಕಥೆಯನ್ನು ಬದಿಗಿಟ್ಟರೂ ನೋಟು ಸ್ವಾರಸ್ಯವಾದದ್ದೇ. ಇದನ್ನು ಹೊರಡಿಸಿದ, ಜರ್ಮನ್ ಆಡಳಿತ ಸ್ಥಾಪಿಸಿದ ನೋಟು ವಿತರಣೆಯ ಬ್ಯಾಂಕಾದ ಬ್ಯಾಂಕ್ ಎಮಿಸಿಯ್ನಿ 1940ರ ಏಪ್ರಿಲ್‌ನಲ್ಲಿ ಕ್ರಾಕೋವ್‌ನಲ್ಲಿ ಕೆಲಸ ಆರಂಭಿಸಿತು. ಅದರ ಅಧ್ಯಕ್ಷ ಫೆಲಿಕ್ಸ್ ಮ್ವಿನಾರ್ಸ್ಕಿ ಅವರ ಸಹಿ ನೋಟುಗಳ ಮೇಲಿದ್ದುದರಿಂದ ಜನ ಅವನ್ನು ‘ಮ್ವಿನಾರ್ಕಿ’ ಎಂದೇ ಕರೆದರು. ಬರಹವೆಲ್ಲ ಪೋಲಿಷ್ ಭಾಷೆಯಲ್ಲಿದೆ, ಆದರೆ ದೇಶದ ಲಾಂಛನವಾದ ಹದ್ದು ಇಲ್ಲ. 10 ಝ್ಲೋಟಿಯ ಹಿಂಬದಿಯಲ್ಲಿರುವುದು ವಾರ್ಸಾದಲ್ಲಿದ್ದ, ಸಂಗೀತ ಸಂಯೋಜಕ ಶೋಪಾನ್ ಅವರ ಸ್ಮಾರಕ. ನೋಟಿನ ಮೇಲಿನ ದಿನಾಂಕಕ್ಕೆ ಮೂರು ತಿಂಗಳು ತುಂಬುವ ಹೊತ್ತಿಗೆ, ಅಂದರೆ 1940ರ ಮೇ 31ರಂದು, ಜರ್ಮನರು ಆ ಸ್ಮಾರಕವನ್ನು ಸಿಡಿಮದ್ದಿಟ್ಟು ಉರುಳಿಸಿದರು.

ಬೆಲೆಯ ವಿಚಾರಕ್ಕೆ ಬಂದರೆ, ಮ್ವಿನಾರ್ಕಿಗಳು ಅಪರೂಪವಲ್ಲ. 1945ರ ಜನವರಿಯಲ್ಲಿ ಪೋಲೆಂಡಿನ ಹೊಸ ಸರ್ಕಾರ ತಲೆಗೆ 500 ಝ್ಲೋಟಿಯಷ್ಟನ್ನು ಮಾತ್ರ ಬದಲಾಯಿಸಿಕೊಟ್ಟಿತು, ಮಿಕ್ಕವು ಬರಿಯ ಕಾಗದವಾಗಿ ಮನೆಗಳಲ್ಲಿಯೇ ಉಳಿದವು. ಹಾಗಾಗಿ ನೋಟಿನ ಸ್ಥಿತಿಗಷ್ಟೇ ಹಣ ಕೊಡಿ. ಕಥೆಯಿರುವ ನೋಟೇ ಬೇಕೆಂದಾದರೆ 1940ರ 500 ಝ್ಲೋಟಿಯನ್ನು ಹುಡುಕಿ. ಅದರ ಮೇಲಿನ ಗುಡ್ಡಗಾಡಿನವನ ಚಿತ್ರದಿಂದಾಗಿ ಅದಕ್ಕೆ ‘ಗುರಾಲ್’ ಎಂಬ ಅಡ್ಡಹೆಸರು ಬಂದಿತ್ತು. 1943ರ ಆಗಸ್ಟ್ 12ರಂದು ಭೂಗತ ಹೋರಾಟಗಾರರು ವಾರ್ಸಾದಲ್ಲಿ ಈ ಬ್ಯಾಂಕಿನ ವಾಹನವನ್ನು ತಡೆದು 10 ಕೋಟಿಗೂ ಹೆಚ್ಚು ಝ್ಲೋಟಿ ವಶಪಡಿಸಿಕೊಂಡ ಕಾರ್ಯಾಚರಣೆಗೆ ಇಟ್ಟುಕೊಂಡ ಗುಪ್ತನಾಮವೂ ಅದೇ.

ಪ್ರಶ್ನೆ: 1934ರ 100 ಝ್ಲೋಟಿ ನೋಟಿನ ಮೇಲೆ ಜರ್ಮನ್ ಭಾಷೆಯ ಮೇಲಚ್ಚು (ಅಚ್ಚಾದ ನೋಟಿನ ಮೇಲೆ ಮತ್ತೆ ಒತ್ತಿದ ಬರಹ) ಇದೆ. ಕಾಗದ, ನೀರಗುರುತು ಎರಡೂ ಸರಿಯಾಗಿವೆ. ಕೊಳ್ಳಬಹುದೆ?
– ಮೈಸೂರಿನ ಓದುಗರು

ಉತ್ತರ: ಹೊಸಬರು ಕೊಳ್ಳದಿರುವುದೇ ಲೇಸು. ಹೊಸ ನೋಟು ಸಿದ್ಧವಾಗುವವರೆಗೆ ತಾತ್ಕಾಲಿಕವಾಗಿ ನಡೆಯಲೆಂದು 1940ರ ಆರಂಭದಲ್ಲಿ ಇಂಥ ಮೇಲಚ್ಚು ಹಾಕಿದ್ದು ನಿಜ. ಆದರೆ ಮೇಲಚ್ಚಿಲ್ಲದ ನೋಟು ಅಗ್ಗ, ಮೇಲಚ್ಚಿರುವುದು ದುಬಾರಿ. ಈ ಅಂತರವೇ ನಕಲಿಗರ ಬಂಡವಾಳ. ಅವರು ನಕಲು ಮಾಡುವುದು ನೋಟನ್ನಲ್ಲ, ಮೇಲಚ್ಚನ್ನು. ಆದ್ದರಿಂದ ಕಾಗದವೂ ನೀರಗುರುತೂ ಸರಿಯಾಗಿಯೇ ಇರುತ್ತವೆ, ಅವುಗಳಿಂದ ಏನೂ ಸಿದ್ಧವಾಗುವುದಿಲ್ಲ. ಮಡಿಕೆಯ ಬಿರುಕಿಗೆ ಶಾಯಿ ಇಳಿದಿದ್ದರೆ ಮೇಲಚ್ಚು ನಕಲಿ ಎಂಬ ಮಾತನ್ನು ಸಂಗ್ರಾಹಕರಲ್ಲಿ ಕೇಳುತ್ತೇವೆ. ಇಲ್ಲಿ ಆ ಪರೀಕ್ಷೆಯೂ ಪೂರ್ತಿ ಕೆಲಸಕ್ಕೆ ಬಾರದು, ಏಕೆಂದರೆ ಅಸಲಿ ಮೇಲಚ್ಚನ್ನು ಹಾಕುವಾಗಲೇ ಆ ನೋಟುಗಳು ವರ್ಷಗಟ್ಟಲೆ ಕೈಯಿಂದ ಕೈಗೆ ದಾಟಿ ನಲುಗಿದ್ದವು. ಪರಿಣತರು ಪ್ರಮಾಣೀಕರಿಸಿದ ನೋಟಿನ ಪಕ್ಕದಲ್ಲಿಟ್ಟು ಅಕ್ಷರಗಳ ಆಕಾರ, ಅಂತರ, ಶಾಯಿಯ ಬಣ್ಣಗಳನ್ನು ಭೂತಗನ್ನಡಿಯಲ್ಲಿ ಹೋಲಿಸುವುದೊಂದೇ ದಾರಿ. 1944ರ ಆಗಸ್ಟ್‌ನ ವಾರ್ಸಾ ದಂಗೆಯಲ್ಲಿ ಹೋರಾಟಗಾರರಿಗೆ ಕೊಟ್ಟ ಮೊದಲ ಸಂಬಳದ್ದೆಂದು ಮುದ್ರೆಯೊತ್ತಿದ ಮ್ವಿನಾರ್ಕಿಗಳ ವಿಷಯದಲ್ಲೂ ಇದೇ ಎಚ್ಚರ ಬೇಕು.

ಪ್ರಶ್ನೆ: 1944ರ ಪೋಲಿಷ್ ನೋಟುಗಳ ಗರಿಗರಿಯಾದ ಪೂರ್ಣ ಜೋಡಣೆಯೊಂದು ಕಡಿಮೆ ಬೆಲೆಗೆ ಸಿಕ್ಕಿದೆ. ಪ್ರತಿ ನೋಟಿನ ಮೇಲೂ ‘1974’ ಎಂಬ ಸಂಖ್ಯೆಯುಳ್ಳ ಒಂದು ಸಾಲು ಅಚ್ಚಾಗಿದೆ. ಏನಿದು?
– ಮಂಗಳೂರಿನ ಓದುಗರು

ಉತ್ತರ: ಮೂಲ ಅಚ್ಚುಗಳಿಂದಲೇ 1974ರಲ್ಲಿ ತೆಗೆದ ಸ್ಮರಣಾರ್ಥ ಮರುಮುದ್ರಣ ಎಂಬುದು ಆ ಸಾಲಿನ ಅರ್ಥ. ಕಡಿಮೆ ಬೆಲೆಗೆ ಕೊಂಡಿದ್ದರೆ ನಷ್ಟವೇನಿಲ್ಲ. ಮೂಲ ನೋಟುಗಳು ಮಾಸ್ಕೋದಲ್ಲಿ ಅಚ್ಚಾದವು, ಅವುಗಳ ಮೇಲಿರುವುದು ಪೋಲೆಂಡ್ ರಾಷ್ಟ್ರೀಯ ಬ್ಯಾಂಕಿನ ಹೆಸರು. ಸ್ವಾರಸ್ಯವೆಂದರೆ ಆ ಬ್ಯಾಂಕು ಸ್ಥಾಪನೆಯಾದದ್ದು 1945ರ ಜನವರಿಯಲ್ಲಿ. ನಿಮ್ಮ ಊರಿನ ಮಳೆಗಾಲಕ್ಕೆ ಮುನ್ನ ಅವನ್ನು ಪಿವಿಸಿ ಹಾಳೆಗಳಿಂದ ತೆಗೆದು ಪಾಲಿಯೆಸ್ಟರ್ ಲಕೋಟೆಗಳಿಗೆ ಬದಲಿಸಿ; ಪಿವಿಸಿ ಕಾಲಕ್ರಮೇಣ ಅಂಟಂಟಾಗಿ ಕಾಗದವನ್ನು ಕೆಡಿಸುತ್ತದೆ.