ಅಜ್ಜಿಯ ಹಲ್ಲುಸೆಟ್ಟು, ತುಟಿಯ ಗುಳ್ಳೆ, ಬಾಣಂತಿ ಮನೆ

ಪ್ರಶ್ನೆ: ನಮ್ಮತ್ತೆ ಹಲ್ಲುಸೆಟ್ಟು ಹಾಕಿಕೊಂಡೇ ಮಲಗುತ್ತಾರೆ. ಬಾಯೊಳಗೆ ಬಿಳಿ ಪದರ, ಒರೆಸಿದರೆ ಕೆಂಪು. ಆಗಾಗ ತುಟಿಯಂಚಿನಲ್ಲಿ ನೀರುಗುಳ್ಳೆಯೂ ಏಳುತ್ತದೆ. ಸೆಟ್ಟಿನ ಬೂಷ್ಟಿನಲ್ಲಿ ವೈರಸ್ ಅಡಗಿರುತ್ತದೆ ಅಂತ ಮಗ ಓದಿ ಹೇಳಿದ. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಕೂಸಿಗೆ 20 ದಿನ. ಭಯವಾಗುತ್ತಿದೆ.
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ನಿಮ್ಮ ಮಗ ಓದಿದ್ದು ಸುಳ್ಳಲ್ಲ. ಆ ಬಿಳಿ ಪದರ ಬಹುಶಃ ಕ್ಯಾಂಡಿಡಾ ಶಿಲೀಂಧ್ರದ್ದು. ಅದು ತಾನೇ ಸ್ರವಿಸುವ ಅಂಟಿನಲ್ಲಿ ಹೂತುಕೊಂಡು ಸೆಟ್ಟಿಗೆ ಕಚ್ಚಿಕೊಳ್ಳುತ್ತದೆ. ಇದನ್ನೇ ಬಯೋಫಿಲ್ಮ್ ಅನ್ನುವುದು. ತುಟಿಗುಳ್ಳೆ ತರುವ ಹರ್ಪಿಸ್ ವೈರಸ್ ಈ ಪದರದಲ್ಲಿ ಸಿಕ್ಕಿಕೊಂಡು, ಸೋಂಕುವ ಶಕ್ತಿ ಉಳಿಸಿಕೊಂಡೇ ಹೊರಬರುತ್ತದೆ ಎಂದು ಇಟಲಿಯ ಸಂಶೋಧಕರು 2014ರಲ್ಲಿ ತೋರಿಸಿದರು. ಆದರೆ ಅದು ಪ್ರಯೋಗಾಲಯದ ಮಾತು. ಶಿಲೀಂಧ್ರದೊಳಗೆ ಈ ವೈರಸ್ ಮರಿ ಹಾಕುವುದಿಲ್ಲ, ಅದಕ್ಕೆ ಮನುಷ್ಯನ ಜೀವಕೋಶವೇ ಬೇಕು. ನಿಮ್ಮ ಮನೆಯಲ್ಲಿ ಕೂಸಿಗೆ ದೊಡ್ಡ ಅಪಾಯ ಸೆಟ್ಟಿಗಿಂತ ಹೆಚ್ಚಾಗಿ ಗುಳ್ಳೆಯಿಂದ, ಜೊಲ್ಲಿನಿಂದ.

ಎಳೆಗೂಸಿಗೆ ಹರ್ಪಿಸ್ ಅಂಟಿದರೆ ಜೀವಕ್ಕೇ ಕುತ್ತು. ತುಟಿ ಚುರುಗುಟ್ಟಿದ ಕ್ಷಣದಿಂದ ಹಕ್ಕಳೆ ಪೂರ್ತಿ ಉದುರಿ ಚರ್ಮ ಮಾಗುವವರೆಗೆ ಅತ್ತೆ ಕೂಸಿಗೆ ಮುತ್ತು ಕೊಡಬಾರದು. ಕೋಲಾರದ ಕಡೆ ನೀರು ಹಾಕಿದ ಮೇಲೆ ಕೂಸಿನ ಮೂಗಿಗೆ, ಕಿವಿಗೆ ಬಾಯಿಂದ ಊದುವ ರೂಢಿ ಇನ್ನೂ ಇದೆ; ದಯವಿಟ್ಟು ಅದನ್ನು ಯಾರೂ, ಯಾವತ್ತೂ ಮಾಡಬೇಡಿ. ಗುಳ್ಳೆಯಿದ್ದಾಗ ಮೈ ತೊಳೆಸುವ ಕೆಲಸ ಬೇರೆಯವರಿಗಿರಲಿ. ಕೂಸು ಹಾಲು ಬಿಟ್ಟರೆ, ಮಂಕಾದರೆ, ಜ್ವರ ಬಂದರೆ, ಮೈಮೇಲೆ ಗುಳ್ಳೆ ಕಂಡರೆ ತಕ್ಷಣ ಮಕ್ಕಳ ವೈದ್ಯರಿಗೆ ತೋರಿಸಿ, ಅಜ್ಜಿಯ ಗುಳ್ಳೆಯ ವಿಷಯವನ್ನೂ ಹೇಳಿ.

ಇನ್ನು ಸೆಟ್ಟು. ರಾತ್ರಿ ತೆಗೆದು ನೀರಲ್ಲಿ ಮುಳುಗಿಸಿಡಲಿ. ಬೆಳಿಗ್ಗೆ ಮೆತ್ತನೆ ಬ್ರಶ್ಶು, ಪಾತ್ರೆ ಸೋಪಿನಿಂದ ಉಜ್ಜಲಿ. ಟೂತ್‌ಪೇಸ್ಟ್ ಗೀರು ಬೀಳಿಸುತ್ತದೆ, ಕುದಿನೀರು ಸೆಟ್ಟನ್ನು ಸೊಟ್ಟ ಮಾಡುತ್ತದೆ. ನಮ್ಮ ಬೋರ್‌ವೆಲ್ ನೀರಿನ ಉಪ್ಪು ಗಟ್ಟಿಕಟ್ಟಿದರೆ ಸೆಟ್ಟಿನ ಮೈ ಒರಟಾಗಿ ಬೂಷ್ಟು ಬೇಗ ಹಿಡಿಯುತ್ತದೆ. ಕೆರೆಯಬೇಡಿ, ದಂತವೈದ್ಯರಲ್ಲಿ ಪಾಲಿಶ್ ಮಾಡಿಸಿ. ಬಾಯಿಗೆ ಶಿಲೀಂಧ್ರದ ಔಷಧಿಯನ್ನೂ ಅವರೇ ಬರೆದುಕೊಡುತ್ತಾರೆ. ಸಕ್ಕರೆ ಕಾಯಿಲೆ ಇದೆಯೋ ಪರೀಕ್ಷೆ ಮಾಡಿಸಿ, ಇದ್ದರೆ ಬೂಷ್ಟು ಮತ್ತೆ ಮತ್ತೆ ಬರುತ್ತದೆ. ಸೆಟ್ಟು ತೆಗೆದು ಮಲಗಲು ಹಿರಿಯರು ನಾಚುತ್ತಾರೆ. ಮುಚ್ಚಳದ ಡಬ್ಬಿಯೊಂದನ್ನು ಅವರ ಹಾಸಿಗೆ ಪಕ್ಕ ಇಟ್ಟುಕೊಡಿ.