ಎಲೆ ಮಂಡಿಯುದ್ದ, ಬೇರು ಮಾತ್ರ ಬೆರಳು ಗಾತ್ರ

ಓದುಗರೊಬ್ಬರ ಪತ್ರದಿಂದ: “ಎರಡು ವರ್ಷದ ಹಿಂದೆ ಕೈತೋಟದ ಪಾತಿಯಲ್ಲಿ ಹಾರ್ಸ್‌ರ‍್ಯಾಡಿಶ್ ಬೇರು ನೆಟ್ಟೆ; ತುರಿದರೆ ಮೂಗಿಗೆ ಹತ್ತುವಷ್ಟು ಖಾರವಾಗುವ ಬೇರು ಅದು. ತಿಂಗಳಿಗೊಮ್ಮೆ ಹಸಿ ಗೊಬ್ಬರ ಕೊಟ್ಟೆ. ಎಲೆ ಮಂಡಿಯುದ್ದ ಬಂತು. ಅಗೆದರೆ ಸಿಕ್ಕಿದ್ದು ಸುತ್ತಿಕೊಂಡ ತೆಳ್ಳನೆ ಬೇರುಗಳ ಗೊಂಚಲು. ತುರಿದು ಕೂಡಲೇ ವಿನೆಗರ್ ಹಾಕಿದೆ, ಖಾರವೇ ಇರಲಿಲ್ಲ. ಈಗ ಪಕ್ಕದ ಪಾತಿಯಲ್ಲೂ ಚಿಗುರು ಎದ್ದಿದೆ. ಗೊಬ್ಬರ ಸಾಲಲಿಲ್ಲವೇ?”

ಸಂಪಾದಕರ ಉತ್ತರ:

ಗೊಬ್ಬರ ಸಾಲದೆ ಹೋಗಿಲ್ಲ, ಹೆಚ್ಚಾಗಿದೆ. ಹಸಿ ಗೊಬ್ಬರದ ಸಾರಜನಕವೆಲ್ಲ ಎಲೆಗೆ ಹೋಯಿತು, ಬೇರು ಕವಲೊಡೆಯಿತು. ಆದರೆ ಮುಖ್ಯ ಕಾರಣ ಅದಲ್ಲ. ನಿಮ್ಮ ಪತ್ರದಲ್ಲಿ ಒಂದು ಕೆಲಸದ ಮಾತೇ ಇಲ್ಲ: ಬೇಸಿಗೆಯಲ್ಲಿ ಬೇರನ್ನು ಎತ್ತಿ ಸವರುವುದು. ಈ ಗಿಡವನ್ನು ಅದರ ಪಾಡಿಗೆ ಬಿಟ್ಟರೆ ತಲೆಯಲ್ಲಿ ಐದಾರು ಚಿಗುರು, ಮೈತುಂಬ ಪಕ್ಕಬೇರು ಬಿಡುತ್ತದೆ. ಒಂದು ದಪ್ಪ ಬೇರಿಗೆ ಸೇರಬೇಕಾದ ಆಹಾರ ಹತ್ತು ಸಣ್ಣ ಬೇರುಗಳಿಗೆ ಹಂಚಿಹೋಗುತ್ತದೆ. ಎರಡು ವರ್ಷ ಅಗೆಯದೆ ಬಿಟ್ಟಿದ್ದರಿಂದ ಆ ಗೊಂಚಲು ಇನ್ನಷ್ಟು ಹೆಣೆದುಕೊಂಡಿದೆ.

ಹೊಸದಾಗಿ ನೆಡುವುದೇ ಒಳ್ಳೆಯದು. ನಿಮ್ಮ ಗೊಂಚಲಿನಲ್ಲೇ ನಾಟಿಗೆ ಬೇಕಾದ್ದು ಇದೆ. ಪೆನ್ಸಿಲ್ ಗಾತ್ರದ, ನೆಟ್ಟಗಿರುವ ಪಕ್ಕಬೇರುಗಳನ್ನು ಆರಿಸಿ 20ರಿಂದ 25 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ತಾಯಿಬೇರಿಗೆ ಅಂಟಿದ್ದ ತುದಿಯನ್ನು, ಅಂದರೆ ತಲೆಯನ್ನು, ಸಮವಾಗಿ, ಕೆಳತುದಿಯನ್ನು ಓರೆಯಾಗಿ ಕತ್ತರಿಸಬೇಕು. ಹೀಗೆ ಗುರುತು ಮಾಡದಿದ್ದರೆ ಕತ್ತರಿಸಿಟ್ಟ ಮೇಲೆ ತಲೆ ಯಾವುದು ಬುಡ ಯಾವುದು ಎಂದು ಗುರುತಿಸುವುದು ಕಷ್ಟ. ತಲೆಕೆಳಗಾಗಿ ನೆಟ್ಟರೆ ಚಿಗುರು ತಡವಾಗುತ್ತದೆ, ಬೇರು ಸೊಟ್ಟಗಾಗುತ್ತದೆ.

ಚಳಿ ಇಳಿದು ಮಣ್ಣು ಅಗೆಯುವ ಹದಕ್ಕೆ ಬಂದ ಕೂಡಲೇ ನಾಟಿ ಮಾಡಿ. ಪಾತಿಯನ್ನು 40–45 ಸೆಂ.ಮೀ. ಆಳಕ್ಕೆ ಅಗೆದು, ಕಲ್ಲು ಹೆಂಟೆ ತೆಗೆದು, ಚೆನ್ನಾಗಿ ಕಳಿತ ಗೊಬ್ಬರವನ್ನು ಮಾತ್ರ ಬೆರೆಸಿ. ಬೇರನ್ನು ನೆಟ್ಟಗೆ ಇಳಿಸಬೇಡಿ, ಸುಮಾರು 45 ಡಿಗ್ರಿ ಓರೆಯಾಗಿ ಮಲಗಿಸಿ. ತಲೆಯ ಮೇಲೆ 5 ಸೆಂ.ಮೀ. ಮಣ್ಣು ಇರಲಿ, ಗಿಡದಿಂದ ಗಿಡಕ್ಕೆ 45 ಸೆಂ.ಮೀ. ಅಂತರವಿರಲಿ. ಓರೆಯಾಗಿ ಮಲಗಿಸಿದರೆ ಬುಡ ಅಲುಗದಂತೆ ತಲೆಯನ್ನಷ್ಟೇ ಎತ್ತಬಹುದು.

ಎಲೆ ಒಂದು ಗೇಣು ಬೆಳೆದಾಗ, ಅಂದರೆ 20–25 ಸೆಂ.ಮೀ. ಆದಾಗ, ತಲೆಯ ಸುತ್ತಲ ಮಣ್ಣನ್ನು ಕೈಯಿಂದಲೇ ಸರಿಸಿ. ಗುದ್ದಲಿ ಬೇಡ, ಬೇರಿಗೆ ಗಾಯವಾಗುತ್ತದೆ. ತಲೆಯ ಕಡೆಯನ್ನು ಮೆಲ್ಲಗೆ ಮೇಲಕ್ಕೆತ್ತಿ. ಬುಡದ ತುದಿ ಮಣ್ಣಿನಲ್ಲೇ ಕಚ್ಚಿಕೊಂಡಿರಬೇಕು, ಗಿಡಕ್ಕೆ ನೀರು ಸಿಗುವುದು ಅಲ್ಲಿಂದ. ಚಿಗುರುಗಳಲ್ಲಿ ಗಟ್ಟಿಯಾದ ಒಂದನ್ನು ಉಳಿಸಿ, ಉಳಿದವನ್ನು ಚಿವುಟಿ. ಆಮೇಲೆ ಒರಟು ಬಟ್ಟೆಯಿಂದ ಬೇರಿನ ಮೇಲ್ಭಾಗ ಮತ್ತು ನಡುಭಾಗವನ್ನು ಉಜ್ಜಿ. ಬಿಳಿ ದಾರದಂಥ ಎಳೆ ಬೇರುಗಳು ಉದುರಿ ಮೈ ನುಣ್ಣಗಾಗುತ್ತದೆ. ಮೊದಲಿದ್ದಂತೆಯೇ ಮಲಗಿಸಿ, ಮಣ್ಣು ಮುಚ್ಚಿ, ನೀರು ಕೊಡಿ. ಒಂದೆರಡು ದಿನ ಎಲೆ ಬಾಡಿದರೆ ಹೆದರಬೇಡಿ. ನಾಲ್ಕರಿಂದ ಆರು ವಾರ ಬಿಟ್ಟು ಇನ್ನೊಮ್ಮೆ ಮಾಡಿ. ಒಂದು ಗಿಡಕ್ಕೆ ಐದು ನಿಮಿಷದ ಕೆಲಸ. ಬೇರಿನ ಗಾತ್ರ ನಿರ್ಧಾರವಾಗುವುದು ಇಲ್ಲೇ.

ಬೇರು ದಪ್ಪವಾಗುವುದು ಬೇಸಿಗೆಯ ಕೊನೆಗೆ ಮತ್ತು ಅದರ ನಂತರದ ತಂಪು ದಿನಗಳಲ್ಲಿ. ಎಲೆ ಸಾಕಷ್ಟು ಬಂದಿದೆಯಲ್ಲ ಎಂದು ಆಗ ನೀರು ನಿಲ್ಲಿಸುವವರೇ ಹೆಚ್ಚು. ಮಳೆಯಿಲ್ಲದಿದ್ದರೆ ಚದರ ಮೀಟರಿಗೆ ವಾರಕ್ಕೆ ಸುಮಾರು 25 ಲೀಟರ್ ಕೊಡಿ. ಮಣ್ಣು ಒಣಗಿದರೆ ಬೇರು ನಾರಾಗುತ್ತದೆ, ನೀರು ನಿಂತರೆ ಕೊಳೆಯುತ್ತದೆ. ಎಲೆಯಲ್ಲಿ ಸಣ್ಣ ತೂತುಗಳು ಕಂಡರೆ ಅದು ಜಿಗಿಯುವ ಪುಟ್ಟ ದುಂಬಿಯ ಕೆಲಸ. ಬೆಳೆದ ಗಿಡ ಅದನ್ನು ತಡೆದುಕೊಳ್ಳುತ್ತದೆ. ಹಿಮ ಬಿದ್ದು ಎಲೆ ಸತ್ತ ಮೇಲೆ ಅಗೆಯಿರಿ. ಚಳಿಯೇ ಇಲ್ಲದ ಕಡೆ ಈ ಬೆಳೆಯಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ.

ಇನ್ನು ಖಾರದ ಮಾತು. ಇಡೀ ಬೇರನ್ನು ಮೂಸಿ ನೋಡಿ, ಘಾಟೇ ಇರುವುದಿಲ್ಲ. ಇದು ಸಾಸಿವೆ ಕುಟುಂಬದ ಗಿಡ. ಬೇರಿನಲ್ಲಿ ಸಿನಿಗ್ರಿನ್ ಎಂಬ ವಸ್ತುವೂ ಮೈರೋಸಿನೇಸ್ ಎಂಬ ಕಿಣ್ವವೂ ಬೇರೆ ಬೇರೆಯಾಗಿ ಕೂತಿರುತ್ತವೆ. ತುರಿದಾಗ ಜೀವಕೋಶ ಒಡೆದು ಎರಡೂ ಕೂಡಿ ಮೂಗಿಗೆ ಹತ್ತುವ ಸಾಸಿವೆ ಎಣ್ಣೆ ಹುಟ್ಟುತ್ತದೆ. ವಿನೆಗರ್ ಬಿದ್ದ ಕ್ಷಣ ಕಿಣ್ವದ ಕೆಲಸ ನಿಲ್ಲುತ್ತದೆ. ನೀವು ಕೂಡಲೇ ಹಾಕಿದಿರಿ, ಹುಟ್ಟಬೇಕಾದ ಖಾರ ಹುಟ್ಟಲೇ ಇಲ್ಲ. ಮುಂದಿನ ಸಲ ಕಿಟಕಿ ತೆರೆದಿಟ್ಟು, ಮುಖ ದೂರವಿಟ್ಟು ತುರಿಯಿರಿ. ಮಿಕ್ಸಿಯಾದರೆ ಒಂದೆರಡು ಚಮಚ ತಣ್ಣೀರು ಸಾಕು. ಮೂರು ನಿಮಿಷ ಬಿಡಿ. ಆಮೇಲೆ ಒಂದು ಕಪ್ ತುರಿಗೆ ಎರಡು ಮೂರು ದೊಡ್ಡ ಚಮಚ ಬಿಳಿ ವಿನೆಗರ್, ಅರ್ಧ ಚಿಕ್ಕ ಚಮಚ ಉಪ್ಪು ಸೇರಿಸಿ, ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡಿ. ಬೇಯಿಸಿದರೆ ಖಾರ ಹಾರಿಹೋಗುತ್ತದೆ. ಇಡೀ ಬೇರುಗಳನ್ನು ಒದ್ದೆ ಮರಳಿನಲ್ಲಿ, ತಣ್ಣನೆಯ ಕತ್ತಲೆ ಜಾಗದಲ್ಲಿಡಿ. ಬೆಳಕು ಬಿದ್ದರೆ ಹಸಿರಾಗುತ್ತವೆ.

ಪಕ್ಕದ ಪಾತಿಯಲ್ಲಿ ಎದ್ದಿರುವುದು ನೀವು ಅಗೆದಾಗ ತುಂಡಾಗಿ ಉಳಿದ ಬೇರು. ಬೆರಳುದ್ದದ ತುಂಡೂ ಗಿಡವಾಗುತ್ತದೆ. ಯಂತ್ರ ಹಾಕಿ ಉಳಬೇಡಿ, ಒಂದು ತುಂಡು ಇಪ್ಪತ್ತಾಗುತ್ತದೆ. ಮಣ್ಣು ತೇವವಾಗಿರುವಾಗ ಮುಳ್ಳುಗುದ್ದಲಿಯಿಂದ ಸಡಿಲಿಸಿ ಎತ್ತಿ, ಮತ್ತೆ ಎದ್ದ ಚಿಗುರನ್ನು ವಾರಕ್ಕೊಮ್ಮೆ ಕತ್ತರಿಸುತ್ತ ಬನ್ನಿ. ಬೇರಿನ ಕೂಡಿಟ್ಟ ಆಹಾರ ಮುಗಿದರೆ ಅದು ಸಾಯುತ್ತದೆ, ಆದರೆ ಒಂದು ಇಡೀ ಹಂಗಾಮು ಬೇಕಾಗಬಹುದು. ಕಿತ್ತ ತುಂಡುಗಳನ್ನು ಹಸಿಯಾಗಿ ಗೊಬ್ಬರದ ಗುಂಡಿಗೆ ಹಾಕಬೇಡಿ. ಮುರಿದರೆ ಪಟ್ಟನೆ ಸದ್ದಾಗುವಷ್ಟು ಬಿಸಿಲಲ್ಲಿ ಒಣಗಿಸಿ, ಆಮೇಲೆ ಹಾಕಿ. ಹೊಸ ನಾಟಿಗೆ ತರಕಾರಿ ಪಾತಿಯಿಂದ ದೂರದ ಮೂಲೆಯನ್ನೋ, 60 ಸೆಂ.ಮೀ. ಆಳದ ಡ್ರಮ್ಮನ್ನೋ ಆರಿಸಿ. ಡ್ರಮ್ಮಿನ ತಳದಲ್ಲಿ ನೀರಿಳಿಯಲು ತೂತು ಇರಲಿ, ಕಲ್ಲು ಚಪ್ಪಡಿಯ ಮೇಲಿಟ್ಟರೆ ಆ ತೂತಿನಿಂದ ಬೇರು ನೆಲಕ್ಕಿಳಿಯುವುದಿಲ್ಲ.