ಫೆಂಡರ್ ಕಂಪನಿಯದೇ ಅಗ್ಗದ ಬೇಸ್ ಗಿಟಾರ್ ಸ್ಕ್ವಾಯರ್ ತೆಗೆದುಕೊಂಡರೆ ಮುಂದೆ ಪಶ್ಚಾತ್ತಾಪ ಪಡುತ್ತೇನಾ, ಇಲ್ಲಾ ಫೆಂಡರ್ ಬೇಸ್‌ಗೇ ದುಡ್ಡು ಕೂಡಿಡಲಾ?

ನೀವು ಬರೆದು ಕೇಳಿರುವ ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಾನು ನನ್ನ ಸ್ಕ್ವಾಯರ್ ಜಾಝ್ ಬೇಸನ್ನು (ಬೇಸ್ ಗಿಟಾರ್‌ನ ಒಂದು ಮಾದರಿ) ಅರ್ಧ ಬೆಲೆಗೆ ಮಾರಿದೆ. ಸೊಸೈಟಿಯಲ್ಲಿ ಸಾಲ ಮಾಡಿ ಬೆಂಗಳೂರಿನಿಂದ ಫೆಂಡರ್ ತಂದೆ. ಮಾರಬಾರದಿತ್ತು. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹುಬ್ಬಳ್ಳಿಯಲ್ಲಿ ಆರ್ಕೆಸ್ಟ್ರಾಗಳಿಗೆ ನುಡಿಸುತ್ತೇನೆ. ಗಣೇಶ ಹಬ್ಬ, ಜಾತ್ರೆ, ಮದುವೆ, ಎಲ್ಲಾ. ಆ ಸ್ಕ್ವಾಯರ್‌ನ ದಪ್ಪ ತಂತಿ, ಅಂದರೆ ಇ ಸ್ಟ್ರಿಂಗ್, ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ (ಉದ್ದನೆಯ ನೆಕ್ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳು) ಜರ್ರ್ ಅನ್ನುತ್ತಿತ್ತು. ಮೇಲಿನ ಫ್ರೆಟ್‌ಗಳಲ್ಲಿ ಏನೂ ತೊಂದರೆ ಇರಲಿಲ್ಲ. ‘ಅಗ್ಗದ ಮಾಲು ಸರ್, ಇಷ್ಟೇ’ ಅಂದರು ಅಂಗಡಿಯವರು. ನಂಬಿಬಿಟ್ಟೆ.

ಫೆಂಡರ್ ಬಂತು. ಮೊದಲ ಮಳೆಗಾಲದಲ್ಲೇ ಅದೂ ಜರ್ರ್ ಅನ್ನಲು ಶುರು ಮಾಡಿತು, ಅದೇ ತಂತಿ, ಅದೇ ಜಾಗ. ಧಾರವಾಡದಲ್ಲಿ ಗಿಟಾರ್ ರಿಪೇರಿ ಮಾಡುವವರೊಬ್ಬರ ಹತ್ತಿರ ಒಯ್ದೆ. ಅವರು ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿಹಿಡಿದು, ನಡುವೆ ಏಳೆಂಟನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡ್ ತೂರಿಸಲು ನೋಡಿದರು. ತೂರಲಿಲ್ಲ. ಅಲ್ಲಿ ಸುಮಾರು 0.3 ಮಿಮೀ ಸಂದು ಇರಬೇಕು. ಇಲ್ಲದಿದ್ದರೆ ನೆಕ್ ತೀರಾ ನೆಟ್ಟಗಾಗಿದೆ ಅಂತ ಅರ್ಥ, ತಂತಿ ಅದುರುವಾಗ ಫ್ರೆಟ್‌ಗೆ ತಾಗುತ್ತದೆ. ನೆಕ್ ಒಳಗೆ ಟ್ರಸ್ ರಾಡ್ ಅಂತ ಲೋಹದ ಸರಳು ಇರುತ್ತದೆ. ಅಲೆನ್ ಕೀ ಹಾಕಿ ಅದನ್ನು ಕಾಲು ಸುತ್ತು ಸಡಿಲ ಮಾಡಿದರು. ತಂತಿಗಳ ಎಳೆತಕ್ಕೆ ನೆಕ್ ಚೂರು ಮುಂದೆ ಬಾಗಿತು, ಜರ್ರ್ ನಿಂತಿತು. ಅಷ್ಟೇ ಕೆಲಸ. ಸ್ಕ್ವಾಯರ್‌ಗೆ ಬೇಕಾಗಿದ್ದೂ ಅಷ್ಟೇ.

ಮರ ಮಳೆಗಾಲದಲ್ಲಿ ತೇವ ಹೀರುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ, ಅದಕ್ಕೆ ತಕ್ಕಂತೆ ನೆಕ್‌ನ ಬಾಗೂ ಬದಲಾಗುತ್ತದೆ. ದುಬಾರಿ ಮೇಪಲ್ ಆದರೂ ಹಾಗೇ. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಮಿರಜಿನ ಒಳ್ಳೇ ತಂಬೂರಿ ತಂದರೂ ಜವಾರಿ, ಅಂದರೆ ತಂತಿ ಕೂರುವ ಕುದುರೆಯ ಹದ, ಸರಿಯಾಗಿ ಕೂಡದಿದ್ದರೆ ನಾದ ತುಂಬಿ ಬರಲ್ಲ, ಅಂತ ಯಾರಾದರೂ ತಂಬೂರಿ ಮಾರುತ್ತಾರಾ? ಜವಾರಿ ಮಾಡಿಸುತ್ತಾರೆ.

ಹಾಗಾಗಿ ‘ಅಗ್ಗದ್ದಾ, ದುಬಾರಿಯದ್ದಾ’ ಅನ್ನುವ ಪ್ರಶ್ನೆಯೇ ತಪ್ಪು ಅಂತೀನಿ. ಸ್ಕ್ವಾಯರ್ ಯಾರೋ ಮಾಡಿದ ನಕಲಲ್ಲ, 1982ರಿಂದ ಫೆಂಡರ್ ಕಂಪನಿಯೇ ಆ ಹೆಸರಲ್ಲಿ ಗಿಟಾರ್ ತರುತ್ತಿದೆ. ಜಾಝ್ ಬೇಸ್‌ನ 34 ಇಂಚಿನ ಸ್ಕೇಲ್ (ಅದುರುವ ತಂತಿಯ ಉದ್ದ) ಎರಡರಲ್ಲೂ ಒಂದೇ. ವ್ಯತ್ಯಾಸ ಇಲ್ಲ ಅಂತಲ್ಲ. ಸ್ಕ್ವಾಯರ್‌ನಲ್ಲಿ ಫ್ರೆಟ್‌ನ ತುದಿಗಳು ಬೇಸಿಗೆಯಲ್ಲಿ ಕೈಗೆ ಚುಚ್ಚಬಹುದು, ವಾಲ್ಯೂಮ್ ಗುಂಡಿ ಬೇಗ ಕರಕರ ಅನ್ನಬಹುದು, ತಂತಿ ಬಿಗಿಮಾಡುವ ಕೀಗಳು ಅಷ್ಟು ನಯವಾಗಿ ತಿರುಗಲ್ಲ. ಎಲ್ಲವೂ ರಿಪೇರಿ ಆಗುವಂಥವು. ನೆಕ್ ತಿರುಚಿಕೊಂಡಿದ್ದರೆ ಮಾತ್ರ ಮುಟ್ಟಬೇಡಿ, ಎಷ್ಟೇ ಅಗ್ಗವಾಗಿ ಕೊಟ್ಟರೂ ಬೇಡ.

ಪಿಕಪ್, ಅಂದರೆ ತಂತಿಯ ಅದುರನ್ನು ವಿದ್ಯುತ್ ಸಂಕೇತವಾಗಿಸುವ ಭಾಗ, ಬದಲಾಯಿಸುವ ಯೋಚನೆಯೂ ಇದೆ ಅಂತ ಬರೆದಿದ್ದೀರಿ. ಸುಮ್ನೆ ಖರ್ಚು. ಜಾಝ್ ಬೇಸ್‌ನಲ್ಲಿ ಒಂದೇ ಪಿಕಪ್ ತೆರೆದಾಗ ಗುಂಯ್ ಅನ್ನುವುದು ದುಬಾರಿ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ನಲ್ಲೂ ಇರುತ್ತದೆ. ಎರಡೂ ಪಿಕಪ್‌ಗಳ ವಾಲ್ಯೂಮ್ ಪೂರ್ತಿ ತೆರೆಯಿರಿ, ಬಹುತೇಕ ಹೋಗುತ್ತದೆ. ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ ಬೇಸ್‌ನ ಅಗ್ಗದ ತಮ್ಮ ಸ್ಟರ್ಲಿಂಗ್ ಕಡೆ ಮನಸ್ಸಿದ್ದರೆ ಅದೂ ಒಳ್ಳೆಯದೇ, ಆದರೆ ಒಳಗೆ 9 ವೋಲ್ಟ್ ಬ್ಯಾಟರಿ ಇರುತ್ತದೆ. ನುಡಿಸಿದ ಮೇಲೆ ಕೇಬಲ್ ಕಿತ್ತಿಡದಿದ್ದರೆ ಬ್ಯಾಟರಿ ಇಳಿಯುತ್ತಲೇ ಇರುತ್ತದೆ.

ಸ್ಕ್ವಾಯರ್ ತೆಗೆದುಕೊಳ್ಳಿ, ಆನ್‌ಲೈನ್‌ನಲ್ಲಿ ಬಣ್ಣ ನೋಡಿ ಅಲ್ಲ, ಅಂಗಡಿಯಲ್ಲಿ ಎಲ್ಲಾ ಫ್ರೆಟ್ ನುಡಿಸಿ ನೋಡಿ. ಅದೇ ವಾರ ಹೊಸ ತಂತಿ ಹಾಕಿಸಿ ಸೆಟಪ್ (ನೆಕ್, ತಂತಿಯ ಎತ್ತರ ಹದ ಮಾಡುವುದು) ಮಾಡಿಸಿ. ಉಳಿದ ದುಡ್ಡು ಬೇಸ್ ಆಂಪ್‌ಗೆ ಇಡಿ. ಖಾಲಿ ಇ ತಂತಿ ಸುಮಾರು 41 ಹರ್ಟ್ಸ್, ಮನೆಯ ಚಿಕ್ಕ ಸ್ಪೀಕರ್‌ಗಳಲ್ಲಿ ಅದು ಸರಿಯಾಗಿ ಕೇಳಿಸುವುದೇ ಇಲ್ಲ.